ಮೂರು ಪರದೆ, ಒಬ್ಬ ಸೂರ್ಯನಾರಾಯಣ

ಸೋಮವಾರದ ಆನ್‌ಲೈನ್ ಮೀಟಿಂಗಿನಲ್ಲಿ ವರದಿ ತೋರಿಸಲು ಹೋಗಿ, ಸೂರ್ಯನಾರಾಯಣರು ‘ಬೊಕ್ಕತಲೆಗೆ ಈರುಳ್ಳಿ ರಸ’ ಎಂಬ ವಿಡಿಯೋವನ್ನು ಹನ್ನೆರಡು ಸಹೋದ್ಯೋಗಿಗಳಿಗೆ ತೋರಿಸಿಬಿಟ್ಟರು. ಮ್ಯಾನೇಜರ್ ಕಾಂಚನಾ ನಗಲಿಲ್ಲ. ಶುಕ್ರವಾರ ಸಿಂಗಪುರದ ಗ್ರಾಹಕರ ಮುಂದೆ ಹೀಗಾದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದಷ್ಟೇ ಹೇಳಿದರು.

ತಪ್ಪು ತಮ್ಮದಲ್ಲ, ಪರದೆಗಳದ್ದು ಎಂದು ಐರೋಲಿ ಬಡಾವಣೆಯ ಫ್ಲ್ಯಾಟಿನಲ್ಲೇ ಕೂತು ಆಫೀಸು ಕೆಲಸ ಮಾಡುವ ಈ ಯಜಮಾನರು (ಯಜಮಾನರೆಂಬುದು ಪಡಿತರ ಚೀಟಿಯ ಮಟ್ಟಿಗೆ) ತೀರ್ಮಾನಿಸಿದರು. ತಮ್ಮ ಕೋಣೆಯ ಎರಡು ಮಾನಿಟರ್ ಸಾಲದೆ, ಗೋಡೆ ಕೊರೆಸಿ ವಯರ್ ಎಳೆದು ಹಾಲ್‌ನ ಟಿವಿಯನ್ನೂ ಮೂರನೇ ಪರದೆ ಮಾಡಿಕೊಂಡಿದ್ದರು. ಮೂರರಲ್ಲೂ ಹರಡಿದ್ದ ಹದಿನೇಳು ವಿಂಡೋಗಳನ್ನು ಅಂಕೆಯಲ್ಲಿಡುವ ತಂತ್ರಾಂಶ ಹುಡುಕುವ ಮಹಾಯಾಗ ಮಂಗಳವಾರ ಶುರುವಾಯಿತು. ಒಂದು, ಪರದೆಯನ್ನು ಮೈಸೂರುಪಾಕಿನಂತೆ ಚೌಕಚೌಕ ಕತ್ತರಿಸಿತು. ಇನ್ನೊಂದು, ಹೇಳದೆ ಕೇಳದೆ ವಿಂಡೋಗಳನ್ನು ನೆಲದ ಟೈಲ್ಸಿನಂತೆ ಜೋಡಿಸಿತು. ಮೂರನೆಯದು ನಲವತ್ತು ಶಾರ್ಟ್‌ಕಟ್ ಬಾಯಿಪಾಠ ಮಾಡೆಂದಿತು. ಎಲ್ಲದರ ಗುಣದೋಷಗಳ ಬಣ್ಣಬಣ್ಣದ ಎಕ್ಸೆಲ್ ಪಟ್ಟಿ ಮಾಡುವಷ್ಟರಲ್ಲಿ ಗುರುವಾರವೂ ಮುಗಿಯಿತು.

“ರೀ, ಬೇಡದ್ದನ್ನ ಮುಚ್ಚಿಬಿಡಿ, ಸಾಕು,” ಎಂದರು ಹೆಂಡತಿ ಸುಬ್ಬಲಕ್ಷ್ಮಿ. “ನಾಲ್ಕು ಬರ್ನರ್ ಇದೆ ಅಂತ ನಾಲ್ಕರ ಮೇಲೂ ಹಾಲಿಟ್ಟು ಕೂರ್ತೀನಾ ನಾನು?”

“ನಿನಗೆ ತಿಳಿಯಲ್ಲ ಕಣೆ. ಇದು ಮಲ್ಟಿಟಾಸ್ಕಿಂಗ್.”

“ಹೌದಪ್ಪ. ನಂದು ಬರೀ ಅಡುಗೆ, ಬಟ್ಟೆ, ಬ್ಯಾಂಕು, ನಿಮ್ಮ ಈರುಳ್ಳಿ ರಸ.”

ಶುಕ್ರವಾರ ಬಂತು. ಮೂರನೇ ತಂತ್ರಾಂಶವೇ ಶ್ರೇಷ್ಠವೆಂದು ಆರಿಸಿದ್ದ ಸೂರ್ಯನಾರಾಯಣರು, ವರದಿಯನ್ನು ಕೊಂಚ ದೊಡ್ಡದು ಮಾಡಿ ಎಂದು ಸಿಂಗಪುರದವರು ಕೇಳಿದ್ದೇ ತಡ, ವೀಣೆ ಮೀಟುವವರಂತೆ ಮೂರು ಕೀಲಿ ಒಟ್ಟಿಗೆ ಒತ್ತಿದರು. ವರದಿ ಮಾಯ! ಅದರ ಹಿಂದಿದ್ದ ಬಣ್ಣಬಣ್ಣದ ಪಟ್ಟಿ ಎಲ್ಲರಿಗೂ ದರ್ಶನ ಕೊಟ್ಟಿತು. ಈ ವಾರವೆಲ್ಲ ಮಾಡಿದ ಕೆಲಸ ಇದೇನಾ ಎಂದು ಕಾಂಚನಾ ಮೆಲ್ಲಗೆ ಕೇಳಿದರು. ಸೂರ್ಯನಾರಾಯಣರು ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದರು. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸಾರಿದಾಗ ಓಡುವ ಜನರಂತೆ ವಿಂಡೋಗಳು ಅತ್ತಿಂದಿತ್ತ ಓಡಿದವು. ವರದಿಯೊಂದನ್ನು ಬಿಟ್ಟು ಎಲ್ಲವೂ ಬಂದವು, ಈರುಳ್ಳಿ ರಸವೂ.

ಐದು ನಿಮಿಷ ಹೀಗೆ ಬೆವೆತ ಮೇಲೆ, ಮೈಕ್ ಮುಚ್ಚುವುದನ್ನೂ ಮರೆತು ಅವರು ಕೂಗಿದರು: “ಲೇ, ನನ್ನ ವರದಿ ಎಲ್ಲಿ ಹೋಯ್ತೇ?”

ಹಾಲ್‌ನಲ್ಲಿ ಮನೆಗೆಲಸದ ದಾನಮ್ಮನ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದ ಸುಬ್ಬಲಕ್ಷ್ಮಿ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು:

“ಇಲ್ಲೇ ಇದೆ. ಆಗಿಂದ ಒಂದೇ ಪುಟ ತೋರಿಸ್ತಿದ್ದೀರಿ. ಮುಂದಿನದು ಹಾಕಿ, ದಾನಮ್ಮ ಕಳವಾಕ್ಕೆ ರೈಲು ಹಿಡೀಬೇಕಂತೆ.”