ಅತ್ತೆಯ ಗಂಟಲು ಮತ್ತು ನನ್ನ ಹೊಸ ಭಾಷೆ

ನಮ್ಮ ಮನೆಯ ಮುಂದಿನ ಕೋಣೆ ನನ್ನ ಗಂಡನ ಹಲ್ಲಿನ ಕ್ಲಿನಿಕ್ಕು, ಹಿಂದಿನ ಕೋಣೆ ನನ್ನ ಕಚೇರಿ, ನಡುವೆ ಒಂದು ಪ್ಲೈವುಡ್ ಗೋಡೆ. ಗೋಡೆ ಎಂದು ನಾನು ಗೌರವಕ್ಕೆ ಹೇಳುತ್ತಿದ್ದೇನೆ. ಆಚೆ ಬದಿಯಲ್ಲಿ ಯಾರಾದರೂ ಬಾಯಿ ತೆರೆದರೆ ಈಚೆ ಬದಿಯಲ್ಲಿ ನನ್ನ ಲೋಟದ ನೀರು ಅಲ್ಲಾಡುತ್ತದೆ. ಆಚೆ ಬಾಯಿ ತೆರೆಯುವವರಲ್ಲಿ ಎರಡು ಬಗೆ. ಒಂದು, ರೋಗಿಗಳು. ಅವರು ಬಾಯಿ ತೆರೆದರೂ ಮಾತಾಡಲಾರರು, ಒಳಗೆ ನನ್ನ ಗಂಡನ ಕೈ ಇರುತ್ತದೆ. ಇನ್ನೊಂದು, ನನ್ನ ಅತ್ತೆ. ಅವರ ಬಾಯಿಗೆ ಕೈ ಹಾಕುವ ದಂತವೈದ್ಯ ಇನ್ನೂ ಹುಟ್ಟಿಲ್ಲ (ಹುಟ್ಟಿದ್ದಾನೆ, ಅವರೇ ಹೆತ್ತಿದ್ದಾರೆ. ಆದರೆ ಅವನಿಗೆ ಧೈರ್ಯ ಸಾಲದು).

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಆ ದಿನ ಬರಬೇಕಾದ ರೋಗಿಗಳಿಗೆಲ್ಲ ಬೆಳಗ್ಗೆಯೇ ಫೋನು ಮಾಡುವುದು ಅತ್ತೆಯ ಕೆಲಸ. ಅವರದು ನೆನಪಿಸುವ ದನಿಯಲ್ಲ, ಅಪ್ಪಣೆ ಹೊರಡಿಸುವ ದನಿ. "ಹತ್ತು ಗಂಟೆಗೆ ಬಾ. ಹೋದ ಸಲ ಬಸ್ಸು ಸಿಗಲಿಲ್ಲ ಅಂದೆ. ಇವತ್ತು ಬಸ್ಸನ್ನ ನಾನೇ ನಿಲ್ಲಿಸಿರ್ತೀನಿ." ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಸಹಿಸಿಕೊಳ್ಳುತ್ತಿದ್ದೆ. ಆಮೇಲೆ ಆ ಕಡೆಯವರ ಮೊಣಕಾಲು, ಮಗಳ ಪರೀಕ್ಷೆ, ಸೋರುವ ನಲ್ಲಿ, ಎಲ್ಲದರ ವಿಚಾರಣೆಯಾಗಬೇಕು. ಅದೇ ಹೊತ್ತಿಗೆ ನಾನು ಈಚೆ ಕಂಪ್ಯೂಟರಿನ ಮುಂದೆ ಕುಳಿತು ಆಫೀಸಿನವರ ಜೊತೆ ಗಂಭೀರವಾಗಿ ಮೀಟಿಂಗ್ ನಡೆಸುತ್ತಿರುತ್ತೇನೆ. ಒಮ್ಮೆ ನಮ್ಮ ಮ್ಯಾನೇಜರು ತಮ್ಮ ಹೊಸ ಯೋಜನೆಯನ್ನು ವಿವರಿಸಿ, ಏನನ್ನಿಸಿತು ಎಂದು ಎಲ್ಲರನ್ನೂ ಕೇಳಿದ ಕ್ಷಣಕ್ಕೆ ಸರಿಯಾಗಿ, ನನ್ನ ಮೈಕಿನಿಂದ ಅತ್ತೆಯ ತೀರ್ಪು ಹೊರಬಿತ್ತು: "ಪೂರ್ತಿ ಕೊಳೆತು ಹೋಗಿದೆ. ಬುಡಸಮೇತ ಕಿತ್ತುಹಾಕೋದೇ ಒಳ್ಳೇದು."

ಆ ದಿನವೇ ನನಗೆ ಜ್ಞಾನೋದಯವಾಯಿತು. ಅತ್ತೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು. ರೋಗಿಗಳಿಗೆ ಸದ್ದಿಲ್ಲದೆ ಸಂದೇಶ ಹೋಗಬೇಕು. ಆದರೆ ಇದನ್ನು ಹಾಗೆಯೇ ಹೇಳುವುದುಂಟೆ? ಊಟಕ್ಕೆ ಕುಳಿತಾಗ ಮೆಲ್ಲಗೆ ಶುರು ಮಾಡಿದೆ. "ಅತ್ತೆ, ದಿನಾ ಹೀಗೆ ಕೂಗಿ ಕೂಗಿ ನಿಮ್ಮ ಗಂಟಲು ಏನಾಗ್ಬೇಡ? ನನಗೆ ನೋಡೋಕಾಗಲ್ಲ. ಈ ಕೆಲಸಾನ ಯಂತ್ರಕ್ಕೇ ಕಲಿಸಿಬಿಡ್ಲಾ?"

ಅತ್ತೆ ತಮಗೊಂದು ಗಂಟಲಿದೆ ಎಂದು ಆಗಷ್ಟೇ ಗೊತ್ತಾದವರಂತೆ ಅಲ್ಲಿ ಕೈಯಿಟ್ಟು ನೋಡಿಕೊಂಡರು. ನನ್ನ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಮಾಡು, ನಿನಗೆ ಅಷ್ಟು ಕಷ್ಟ ಆಗ್ತಿದ್ರೆ" ಎಂದರು. ಆ ಮಾತಿನ ರುಚಿ ನನಗೆ ಆಗ ಹತ್ತಲಿಲ್ಲ.

ತೊಂದರೆ ಎಂದರೆ ಮನೆಯಲ್ಲಿದ್ದದ್ದು ಮೂರು ಬಗೆಯ ಯಂತ್ರ. ಕ್ಲಿನಿಕ್ಕಿನ ಕಂಪ್ಯೂಟರು ಒಂದು, ಗಂಡನ ಫೋನು ಇನ್ನೊಂದು, ಅತ್ತೆಗೆ ಅವರ ತಮ್ಮ ಕೊಟ್ಟ ಟ್ಯಾಬ್ಲೆಟ್ಟು ಮತ್ತೊಂದು. ಆಸ್ತಿ ಪಾಲಾದ ಮೇಲಿನ ಅಣ್ಣತಮ್ಮಂದಿರ ಹಾಗೆ ಒಂದರ ಮಾತು ಇನ್ನೊಂದಕ್ಕೆ ಆಗದು. ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿದ್ದ ಕಂಪ್ಯೂಟರ್ ಭಾಷೆಯಲ್ಲಿ ಬರೆದರೆ ಒಂದೇ ಕೆಲಸವನ್ನು ಮೂರು ಸಲ ಬರೆಯಬೇಕು. ಒಮ್ಮೆ ಬರೆದರೆ ಮೂರರಲ್ಲೂ ಓಡುವಂಥ ಹೊಸ ಭಾಷೆ ಬೇಕೆಂದು ಘೋಷಿಸಿದೆ. ಗೊತ್ತಿರುವ ಭಾಷೆಯಲ್ಲೇ ಮಾಡಿದರೆ ಆಗದೆ ಎಂದು ನನ್ನವರು ಕೇಳಿದರು. ಸೂಜಿ ಇಲ್ಲದೆ ಹಲ್ಲು ಕೀಳಲಾಗದೇ ಎಂದು ಕೇಳುವ ರೋಗಿಯನ್ನು ಅವರು ಹೇಗೆ ನೋಡುತ್ತಾರೋ, ಹಾಗೆ ಅವರನ್ನು ನೋಡಿದೆ.

ಹುಡುಕಾಟದ ಕೊನೆಗೆ ಎರಡು ಭಾಷೆಗಳು ಉಳಿದವು. ಮೊದಲನೆಯದು ಮಹಾ ಗಟ್ಟಿಗಿತ್ತಿ. ಅದರಲ್ಲಿ ಒಂದು ಸಾಲು ಬರೆದರೆ ಸಾಕು, ಕೆಂಪು ಗೆರೆ ಎಳೆದು ವಿಚಾರಣೆಗೆ ನಿಲ್ಲುತ್ತಿತ್ತು. ರೋಗಿಯ ಹೆಸರು ಇಲ್ಲದಿದ್ದರೆ? ಫೋನ್ ನಂಬರ್ ಇಲ್ಲದಿದ್ದರೆ? ದಿನಾಂಕ ಇಲ್ಲದಿದ್ದರೆ? ಇಲ್ಲದ್ದಕ್ಕೆಲ್ಲ ಏನು ಮಾಡುತ್ತೀ ಎಂದು ಹೇಳುವವರೆಗೆ ಒಂದು ಹೆಜ್ಜೆ ಮುಂದಿಡಲು ಬಿಡದು. ಇಂಥವರೊಬ್ಬರು ಮನೆಯಲ್ಲಿ ಆಗಲೇ ಇದ್ದಾರೆ, ಇನ್ನೊಬ್ಬರನ್ನು ನಾನೇ ಹೋಗಿ ಕರೆತರಲೇ?

ಎರಡನೆಯದು ನನ್ನ ಗಂಡನಂಥ ಭಾಷೆ. ಏನು ಹೇಳಿದರೂ 'ಆಗಲಿ' ಎನ್ನುತ್ತದೆ. ಅರ್ಧ ಹೇಳಿದರೂ ಆಗಲಿ, ತಪ್ಪು ಹೇಳಿದರೂ ಆಗಲಿ. ಎದುರು ಮಾತಿಲ್ಲ. ಇದೇ ಗುಣಕ್ಕೆ ಮರುಳಾಗಿ ಒಮ್ಮೆ ಮದುವೆಯಾದವಳು ನಾನು, ಎರಡನೆಯ ಸಲವೂ ಅದಕ್ಕೇ ಮರುಳಾದೆ.

ಕಲಿಯುವ ಕಾಲದಲ್ಲಿ ಮನೆ ಪಟ್ಟ ಪಾಡನ್ನು ವಿವರಿಸುವುದಿಲ್ಲ. ಹಾಲು ಉಕ್ಕಿತು, ಒಗೆದ ಬಟ್ಟೆ ಮತ್ತೆ ಒಗೆತಕ್ಕೆ ಹೋಯಿತು, ಗಂಡ ಒಗ್ಗರಣೆ ಹಾಕುವುದನ್ನು ಕಲಿತರು (ನನ್ನ ಕಲಿಕೆಯಿಂದ ಮನೆಗೆ ಆದ ಏಕೈಕ ಲಾಭ). ಸೊಸೆ ಹೊಸ ಭಾಷೆ ಕಲಿಯುತ್ತಿದ್ದಾಳೆ ಎಂದು ಅತ್ತೆ ಫೋನಿನಲ್ಲಿ ಎಲ್ಲರಿಗೂ ಸುದ್ದಿ ಹೇಳಿದ್ದರಿಂದ, ರೋಗಿಯೊಬ್ಬರು ನನಗೆ ಕನ್ನಡ ಬಾರದೆಂದು ತಿಳಿದು, ಕಿಟಕಿಯ ಬಳಿ ನಿಂತು ಒಂದೊಂದೇ ಅಕ್ಷರ ಬಿಡಿಸಿ, ನನಗೆ ಊಟವಾಯಿತೇ ಎಂದು ವಿಚಾರಿಸಿಕೊಂಡು ಹೋದರು.

ಕೊನೆಗೆ ರೋಗಿಗಳ ವಿವರ ತುಂಬುವ ದಿನ ಬಂತು. ಅತ್ತೆಗೆ ಎಲ್ಲ ಬಾಯಲ್ಲೇ ಇತ್ತು. ಸೋಫಾದ ಮೇಲೆ ಕಣ್ಣು ಮುಚ್ಚಿ ಕುಳಿತು ಹೆಸರು, ನಂಬರು, ಮುಂದೆ ಬರಬೇಕಾದ ದಿನಾಂಕ ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಎಷ್ಟೋ ಜನರ ಹೆಸರು, ನಂಬರು ಹೇಳಿ ದಿನಾಂಕದ ಜಾಗಕ್ಕೆ ಬಂದಾಗ ಮಾತ್ರ, "ಅದು ಬಿಡು" ಎನ್ನುತ್ತಿದ್ದರು.

"ಆಮೇಲೆ ತುಂಬೋದಾ ಅತ್ತೆ?"

"ಬಿಡು ಅಂದೆನಲ್ಲ."

ಬಿಟ್ಟೆ. ಯಾಕೆ ಎಂದು ನಾನು ಕೇಳಲಿಲ್ಲ. ಅವರ ಒಂದು ಪ್ರಶ್ನೆಗೆ ಉತ್ತರ ಹೇಳಿದರೆ ಇನ್ನೊಂದು ಬರುತ್ತದೆ, ನಾನೇ ಪ್ರಶ್ನೆ ಕೇಳಿದರೆ ಸಂಜೆಯಾಗುತ್ತದೆ ಎಂಬ ಲೆಕ್ಕ ನನ್ನದು. ನನ್ನ ಭಾಷೆಯೂ ಕೇಳಲಿಲ್ಲ. ಖಾಲಿ ಜಾಗಗಳನ್ನೆಲ್ಲ ನುಂಗಿಕೊಂಡು 'ಆಗಲಿ' ಎಂದಿತು. ಅದರ ಮನಸ್ಸಿನಲ್ಲಿ ಖಾಲಿ ಎಂದರೆ ಸೊನ್ನೆ, ಸೊನ್ನೆ ಎಂದರೆ ಎಂದೋ ಕಳೆದುಹೋದ ದಿನ, ಅಂದರೆ ಈ ರೋಗಿ ಬರಬೇಕಾದ ಗಡುವು ಮುಗಿದು ಯುಗಗಳೇ ಆದವು ಎಂದು ಅರ್ಥ. ಇದು ನನಗೆ ಗೊತ್ತಾದದ್ದು ಆಮೇಲೆ. ಗಡುವು ಮೀರಿದವರಿಗಾಗಿ ನಾನು ಬಹಳ ಕಟ್ಟುನಿಟ್ಟಾದ ಸಂದೇಶವನ್ನು ಮೊದಲೇ ಬರೆದಿಟ್ಟಿದ್ದೆ: "ನಿಮ್ಮ ಸಮಯ ಮೀರಿದೆ. ಇಂದು ಬೆಳಗ್ಗೆ ಹತ್ತು ಗಂಟೆಗೆ ತಪ್ಪದೆ ಬನ್ನಿ."

ಉದ್ಘಾಟನೆಯ ಬೆಳಗ್ಗೆ ಮೂರು ಯಂತ್ರಗಳಿಗೂ ನನ್ನ ಕೃತಿಯನ್ನು ಹಾಕಿದೆ. ಒಂದೇ ಬರಹ ಮೂರರಲ್ಲೂ ಅಚ್ಚುಕಟ್ಟಾಗಿ ತೆರೆದುಕೊಂಡಿತು. ನನ್ನವರು ಚಪ್ಪಾಳೆ ತಟ್ಟಿದರು. ಅತ್ತೆ ತಮ್ಮ ಕುರ್ಚಿಯಲ್ಲಿ ಕುಳಿತು, ಮೊದಲೇ ಶುಭ್ರವಾಗಿದ್ದ ಫೋನನ್ನು ಕರವಸ್ತ್ರದಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೀದಿ ನೋಡತೊಡಗಿದರು. ಆ ಕೈಗಳನ್ನು ನಾನು ನೋಡಿದೆ. ನೋಡಿಯೂ ನನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಎಂಥ ನಿಶ್ಶಬ್ದ! ಲೋಟದ ನೀರು ಕನ್ನಡಿಯಂತೆ ನಿಂತಿತ್ತು. ಕಾಫಿಯನ್ನು ಬಿಸಿಯಿರುವಾಗಲೇ ಕುಡಿದೆ. ಗೋಡೆಯ ಮೇಲಿನ ಗಡಿಯಾರಕ್ಕೂ ಸದ್ದಿದೆ ಎಂದು ಆ ಮನೆಗೆ ಬಂದ ಮೇಲೆ ಮೊದಲ ಸಲ ತಿಳಿಯಿತು.

ಆಮೇಲೆ ಚಪ್ಪಲಿಗಳ ಸದ್ದು ಶುರುವಾಯಿತು.

ಬಾಗಿಲು ತೆರೆದು ನೋಡಿದರೆ ಕ್ಲಿನಿಕ್ಕು ತುಂಬಿ, ಮೆಟ್ಟಿಲು ತುಂಬಿ, ಜನ ಬೀದಿಯವರೆಗೆ ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು. ಎಲ್ಲರಿಗೂ ಹತ್ತು ಗಂಟೆ. ಅದೂ ಒಬ್ಬೊಬ್ಬರಿಗೂ ಮೂರು ಮೂರು ಸಲ ಸಂದೇಶ ಹೋಗಿತ್ತು, ಏಕೆಂದರೆ ಕಳಿಸುವ ಹೊಣೆ ತನ್ನದೇ ಎಂದು ಮೂರು ಯಂತ್ರಗಳೂ ನಂಬಿದ್ದವು. ಒಮ್ಮೆ ಬರೆದರೆ ಎಲ್ಲ ಕಡೆ ಓಡುತ್ತದೆ ಎಂದು ಓದಿದ್ದೆ. ನನ್ನ ತಪ್ಪೂ ಅದೇ ನಿಯಮದಂತೆ ಎಲ್ಲ ಕಡೆ ಓಡಿತ್ತು.

ಎಲ್ಲರಿಗಿಂತ ಮುಂದೆ ಬೊಚ್ಚುಬಾಯಿಯ ತಾತ ನಿಂತಿದ್ದರು. ಅವರ ಕಡೆಯ ಹಲ್ಲನ್ನು ನನ್ನವರು ಕಿತ್ತು ಕೈಗೆ ಕೊಟ್ಟು ಎಷ್ಟೋ ಕಾಲವಾಗಿತ್ತು. "ಮತ್ತೇನು ಉಳಿದಿದೆ ಅಂತ ಮೂರು ಸಲ ಕರೆದ್ರಮ್ಮ?" ಎಂದು ಬಾಯಿ ತೆರೆದು ತೋರಿಸಿದರು. ಎದುರು ಬೀದಿಯ ಬೇರೆ ದಂತವೈದ್ಯರ ಹತ್ತಿರ ಹೋಗತೊಡಗಿದ್ದ ಪಂಪು ರಿಪೇರಿಯವನು, ಗುಟ್ಟು ರಟ್ಟಾಯಿತೆಂದು ತಲೆ ತಗ್ಗಿಸಿ ಮೂಲೆ ಹಿಡಿದಿದ್ದ. ಆದರೆ ಅವನ ಪಕ್ಕದಲ್ಲೇ ಮಫ್ಲರ್ ಸುತ್ತಿಕೊಂಡು ನಿಂತಿದ್ದವರು ಸಾಕ್ಷಾತ್ ಆ ಎದುರು ಬೀದಿಯ ದಂತವೈದ್ಯರೇ. ತಮ್ಮ ಹಲ್ಲನ್ನು ತಾವೇ ಕಿತ್ತುಕೊಳ್ಳಲಾಗದೆ ಒಮ್ಮೆ ಗುಟ್ಟಾಗಿ ನಮ್ಮಲ್ಲಿಗೆ ಬಂದು ಹೋಗಿದ್ದರಂತೆ. ಪಂಪಿನವನು ಅವರನ್ನು ನೋಡಿದ. ಅವರು ಪಂಪಿನವನನ್ನು ನೋಡಿದರು. ಇಬ್ಬರೂ ಗೋಡೆಯನ್ನು ನೋಡಿದರು.

ಗ್ಲೌಸು ಹಾಕಿದ ಕೈಗಳನ್ನು ಮೇಲೆತ್ತಿಕೊಂಡು ನನ್ನವರು ಒಳಗಿನಿಂದ ಬಂದರು. "ಇಷ್ಟು ಜನಾನ ಯಾರೇ ಕರೆದಿದ್ದು?"

"ನಾನಲ್ಲ ರೀ, ಯಂತ್ರ."

"ಯಾವ ಯಂತ್ರ?"

"ಮೂರೂ."

ಅವರು ಪಾಪ, ಅಭ್ಯಾಸಬಲದಿಂದ "ಆಗಲಿ" ಎಂದುಬಿಟ್ಟರು. ಜನ ನಕ್ಕರು. ನಾನೂ ಹಲ್ಲು ಗಿಂಜಿದೆ. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ನಗುನಗುತ್ತಲೇ ಬರೆದು ಮುಗಿಸುತ್ತಿದ್ದೆ.

ಜನರನ್ನು ಮೆಲ್ಲಗೆ ಸರಿಸಿಕೊಂಡು ಹೆಂಗಸೊಬ್ಬರು ಒಳಗೆ ಬಂದರು. ನಮ್ಮ ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರ ಹೆಂಡತಿ. ಆ ಗಡಿಯಾರದವರು ತೀರಿಕೊಂಡದ್ದು ನನಗೂ ಗೊತ್ತಿತ್ತು. ಹೆಸರು ಒತ್ತುವಾಗ ಮಾತ್ರ, ಬೆರಳಿಗಿದ್ದ ಅವಸರದಲ್ಲಿ, ಅದು ಯಾರ ಹೆಸರೆಂದು ತಲೆಗೆ ಹೋಗಿರಲಿಲ್ಲ. ಆಕೆಯ ಕೈಯಲ್ಲಿ ಗಂಡನ ಫೋನಿತ್ತು.

"ಇದನ್ನ ಈಗ್ಲೂ ಚಾರ್ಜಿಗೆ ಹಾಕಿಡ್ತೀನಿ," ಎಂದರು ಆಕೆ, ಯಾರನ್ನೂ ನೋಡದೆ. "ಸದ್ದು ಮಾಡಿ ಬಹಳ ದಿನ ಆಗಿತ್ತು. ಒಲೆ ಮೇಲಿದ್ದದ್ದನ್ನ ಹಾಗೇ ಬಿಟ್ಟು ಓಡಿ ಬಂದು ನೋಡ್ದೆ."

ಫೋನನ್ನು ನನ್ನ ಕಡೆ ಹಿಡಿದರು. ನಿಮ್ಮ ಸಮಯ ಮೀರಿದೆ, ಎಂದಿತ್ತು. ನಾನೇ ಬರೆದ ಸಾಲು. ಅದರ ಕೆಳಗೆ ಮತ್ತೆ ಅದೇ. ಅದರ ಕೆಳಗೂ ಅದೇ.

ಮೆಟ್ಟಿಲ ಮೇಲಿನ ನಗು ನಿಂತಿತು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಮೂರು ಯಂತ್ರಗಳಲ್ಲಿ ಮಾತಾಡಬಲ್ಲ ನಾನು, ಕ್ಷಮೆ ಕೇಳುವ ಬದಲು ಆ ಮೂರು ಸಾಲುಗಳನ್ನು ಮತ್ತೆ ಮೊದಲಿನಿಂದ ಓದಿದೆ. ಅತ್ತೆ ಎದ್ದು ತಮ್ಮ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿದರು. ಕೈ ಹಿಡಿದುಕೊಂಡು, ಒಲೆ ಆರಿಸಿ ಬಂದೆಯಾ ಎಂದು ಮೊದಲು ಕೇಳಿದರು. ಇಲ್ಲವೆಂದಾಗ ನನ್ನವರನ್ನೇ, ಗ್ಲೌಸು ಸಮೇತ, ಬೀದಿಯ ಕೊನೆಗೆ ಓಡಿಸಿದರು. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಅತ್ತೆಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೊರಡುವಾಗ ಆಕೆ ನನ್ನ ತೋಳು ಮುಟ್ಟಿ, "ಬೇಜಾರು ಮಾಡ್ಕೋಬೇಡಮ್ಮ, ಒಂದ್ಸಲ ಸದ್ದು ಮಾಡ್ತಲ್ಲ" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

'ಅದು ಬಿಡು' ಎಂದರೆ ಏನೆಂದು ಆಗ ಅರ್ಥವಾಯಿತು. ಇವರ ಹಲ್ಲು ಮುಗಿದಿದೆ, ಬಿಡು. ಇವನು ಬೇರೆ ಕಡೆ ಹೋಗುತ್ತಾನೆ, ಮುಜುಗರ ಮಾಡಬೇಡ, ಬಿಡು. ಇವರದು ಗುಟ್ಟು, ಬಿಡು. ಇವರು ಇಲ್ಲ, ಆದರೂ ಹೆಸರು ಅಳಿಸಲು ನನ್ನ ಬಾಯಿ ಬರದು, ಬಿಡು.

ಬಂದವರನ್ನೆಲ್ಲ ಸಮಾಧಾನ ಮಾಡಿ ಕಳಿಸಿದ ಮೇಲೆ, ಬಾರದೆ ಉಳಿದವರಿಗೆ ಅತ್ತೆ ಫೋನು ಮಾಡತೊಡಗಿದರು. ನಾನು ನನ್ನ ಕೋಣೆಗೆ ಹೋಗಿ ಆ ಗಟ್ಟಿಗಿತ್ತಿ ಭಾಷೆಯನ್ನು ಮೊದಲ ಪಾಠದಿಂದ ತೆರೆದು ಕುಳಿತೆ. ಒಂದು ಸಾಲು ಬರೆದೆ. ದಿನಾಂಕ ಇಲ್ಲದಿದ್ದರೆ? ಎಂದು ಅದು ಕೇಳಿತು. ಆಚೆಯಿಂದ ಅತ್ತೆಯ ದನಿ ಪ್ಲೈವುಡ್ಡನ್ನು ಸೀಳಿಕೊಂಡು ಬಂತು.

"ನಮ್ಮ ಸೊಸೇದು ತಪ್ಪಿಲ್ಲಪ್ಪ. ನನ್ನ ಗಂಟಲು ನೋವು ನೋಡಲಾರದೆ, ಪಾಪ, ರಜಾ ಹಾಕಿ ಮಾಡಿದ್ಲು. ಬಿಡು ಅಂದೋಳು ನಾನು. ಯಾಕೆ ಅಂತ ಹೇಳ್ಬೇಕಿತ್ತು."

ಮುಂದಿನ ಫೋನು. ಮತ್ತೆ ನನ್ನ ಸೊಸೆ, ನನ್ನ ಗಂಟಲು, ಪಾಪ. ಅದರ ಮುಂದಿನದು. ಒಬ್ಬೊಬ್ಬರಿಗೂ ಒಂದೊಂದು ಸಲ, ನನಗೆ ಮಾತ್ರ ಪ್ರತಿ ಸಲ. ನಾನು ಆಡಿದ್ದ ಸುಳ್ಳನ್ನು ಅತ್ತೆ ಕಣ್ಣಿಗೊತ್ತಿಕೊಂಡು ಊರಿಗೆಲ್ಲ ಹಂಚುತ್ತಿದ್ದರು. ಕಿವಿ ಮುಚ್ಚಿಕೊಂಡೆ. ಆ ಗೋಡೆಯ ಮುಂದೆ ಅದರಿಂದ ಏನೂ ಉಪಯೋಗವಿಲ್ಲ.

ತಡೆಯಲಾರದೆ ಎದ್ದು ನೀರು ಬಿಸಿ ಮಾಡಿ, ಬಾಯಿ ಮುಕ್ಕಳಿಸಲು ಹಾಕುವ ಉಪ್ಪು ಬೆರೆಸದೆ, ಕುಡಿಯುವ ಹದಕ್ಕೆ ಆರಿಸಿ ತೆಗೆದುಕೊಂಡು ಹೋದೆ. ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಹೇಳಲಾಗಿದ್ದು ಇಷ್ಟೇ: "ಅತ್ತೆ, ಸ್ವಲ್ಪ ಸುಧಾರಿಸ್ಕೊಳ್ಳಿ. ಗಂಟಲು."

ಅತ್ತೆ ಲೋಟ ತೆಗೆದುಕೊಂಡರು. "ನನ್ನ ಗಂಟಲಿಗೆ ಯಾವತ್ತೂ ಏನೂ ಆಗಿಲ್ಲ ಕಣೇ."

"ಮತ್ತೆ ಎಲ್ಲರಿಗೂ ಹಾಗಂದ್ರಲ್ಲ?"

"ಇನ್ನೇನು," ಎಂದರು ಅತ್ತೆ, "ಸೊಸೆಗೆ ಕಿವಿ ನೋವು ಅಂತ ಹೇಳೋಕಾಗುತ್ತಾ?"

ನೀರು ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟು, ಮುಂದಿನ ನಂಬರು ಒತ್ತಿದರು.