ಮೂರನೇದ್ದು ಅಂತ ಹೇಳ್ರಿ

ಬೈಲಹೊಂಗಲದ ನನ್ನ ದವಾಖಾನೆಯಲ್ಲಿ ನಗದೆ ಬಾಗಿಲು ಹಾಕಿದ ದಿನ ಕಡಿಮೆ. ನಾನು ನೋಡುವುದು ಕೈಕಾಲಿನ ನರಗಳಿಗೆ ಬಿದ್ದ ಪೆಟ್ಟು. ಅದರಲ್ಲಿ ಮೂರು ನಮೂನೆ. ಅವುಗಳ ಪುಸ್ತಕದ ಹೆಸರು ಹೇಳಿದರೆ ನನ್ನ ಹೆಂಡತಿಯೇ ಎದ್ದು ಹೋಗುತ್ತಾಳೆ. ಅದಕ್ಕೇ ಕಾಲುವೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದನೆಯದರಲ್ಲಿ ಕಾಲುವೆ ಚೆನ್ನಾಗಿದೆ, ಗೇಟು ಮುಚ್ಚಿದೆ ಅಷ್ಟೇ; ತಾನಾಗಿ ತೆರೆಯುತ್ತದೆ. ಎರಡನೆಯದರಲ್ಲಿ ದಂಡೆ ಗಟ್ಟಿ, ಒಳಗೆ ಹೂಳು. ನೀರು ನಿಧಾನಕ್ಕೆ ದಾರಿ ಮಾಡಿಕೊಳ್ಳುತ್ತದೆ. ಮೂರನೆಯದರಲ್ಲಿ ಕಾಲುವೆಯೇ ಕಡಿದಿದೆ. ಆಪರೇಷನ್ ಮಾಡಿ ಜೋಡಿಸಬೇಕು.

ಗಾಡಿ ತುಂಬ ಮಂದಿ

ಸಿರಸಂಗಿ ಕಡೆಯವನೊಬ್ಬ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಶೇಂಗಾ ಬಿಡಿಸಿದ್ದ. ಏಳುವಾಗ ಪಾದ ಮೇಲೇಳಲಿಲ್ಲ. ಬೀಗರು, ಓಣಿಯವರು ಎಲ್ಲ ಸೇರಿ ಟಂಟಂ ತುಂಬ ಬಂದರು.

"ಒಂದನೇ ನಮೂನಿ. ಸೂಜಿ ಬ್ಯಾಡ, ಆಪರೇಷನ್ ಬ್ಯಾಡ, ತಾನ ಆರಾಮ ಆಗತೈತಿ" ಎಂದೆ. ಎಲ್ಲರ ಮುಖ ಬಾಡಿತು. ಸೋದರಮಾವ ಮುಂದೆ ಬಂದ.

"ಸಾಹೇಬ್ರ, ಇಷ್ಟು ಮಂದಿ ಕೆಲಸ ಬಿಟ್ಟು ಬಂದೇವ್ರಿ. ಎರಡನೇದ್ದಾದ್ರೂ ಮಾಡ್ರಿ."

ತುದಿಯ ಹೊಲ

ರಾಮದುರ್ಗದ ರೈತನೊಬ್ಬನಿಗೆ ತೋಳಿನಲ್ಲಿ ಎರಡನೆಯ ನಮೂನೆ. ನರ ಚಿಗುರಿದಂತೆ, ಬೆರಳಿನಿಂದ ತಟ್ಟಿದರೆ ಜುಮ್ಮೆನ್ನುವ ಜಾಗ ಕೆಳಗಿಳಿಯುತ್ತ ಬರುತ್ತದೆ ಎಂದು ಕಲಿಸಿ ಕಳಿಸಿದ್ದೆ. ಮುಂದಿನ ಸಲ ಸಿಟ್ಟಿನಲ್ಲೇ ಬಂದ.

"ಮೊಣಕೈತನಕ ನೀರು ಬಂದು ಅಲ್ಲೇ ನಿಂತೈತ್ರಿ. ಮ್ಯಾಲಿನ ಹೊಲದಾಂವ ಯಾರೋ ಕಟ್ಟ್ಯಾನ ನೋಡ್ರಿ!"

ಗೇಟಿನ ಕೀಲಿ

ನೇಸರಗಿಯ ಅಕ್ಕನೊಬ್ಬಳು ಮದುವೆಮನೆಯಲ್ಲಿ ಹೋಳಿಗೆ ಹೊಡೆದು, ಕುರ್ಚಿಯ ಬೆನ್ನಿಗೆ ಬಲತೋಳು ಜೋತುಹಾಕಿ ನಿದ್ದೆ ಹೋದಳು. ಎಚ್ಚರಾದಾಗ ಮಣಿಕಟ್ಟು ಎತ್ತಲಾಗಲಿಲ್ಲ. ಒಂದನೆಯ ನಮೂನೆ ಎಂದು ಧೈರ್ಯ ಹೇಳಿದೆ. ಕಂಗಾಲಾದದ್ದು ಅವಳ ಗಂಡ.

"ರೊಟ್ಟಿ ನಾನ ಬಡಿಯಾಕತ್ತೇನ್ರಿ. ಕೈ ಬೆಂದಾವು, ರೊಟ್ಟಿ ಬೇಯವಲ್ವು!"

ವಾರ ವಾರ ಕರೆತಂದ. ಕೈ ಮಾತ್ರ ಹಾಗೇ ಜೋತಾಡುತ್ತಿತ್ತು. ಎಲ್ಲಿ ನಾನೇ ನಮೂನೆ ತಪ್ಪಿ ಹೇಳಿದೆನೋ ಎಂದು ನನಗೂ ಹೆದರಿಕೆಯಾಯಿತು. ಕೊನೆಗೊಂದು ದಿನ ಅವನು ತಾನು ಹೇಗೆ ರೊಟ್ಟಿ ಬಡಿಯುತ್ತೇನೆಂದು ವರ್ಣಿಸಿ, ಆಟೋ ತರಲು ಹೊರಗೆ ಹೋದ. ಅಕ್ಕನಿಗೆ ತಡೆಯಲಾಗಲಿಲ್ಲ.

"ಹಂಗ ಬಡದ್ರ ಹರೀದ ಇರತೈತೇನ್ರಿ? ಹಿಂಗ ಬಡೀಬೇಕು!" ಎಂದು ನನ್ನ ಮೇಜಿನ ಮೇಲೆ ಬಲಗೈಯಿಂದ ತಪತಪ ಬಡಿದು ತೋರಿಸಿದಳು. ಮಣಿಕಟ್ಟು ನೆಟ್ಟಗೆ ಎದ್ದು ನಿಂತಿತ್ತು.

ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಡಾಕ್ಟ್ರ," ದನಿ ಇಳಿಸಿದಳು, "ಮದುವಿ ಆದಾಗಿಂದ ಈಗ ಮೊದಲ ಸಲ ಕುಂತು ಬಿಸಿ ರೊಟ್ಟಿ ತಿನ್ನಾಕತ್ತೇನಿ. ಮೂರನೇದ್ದು ಅಂತ ಹೇಳ್ರಿ."

"ಸುಳ್ಳು ಹೆಂಗ ಹೇಳ್ಲಿ ಅಕ್ಕಾರ?"

"ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ?"

ಅಷ್ಟರಲ್ಲಿ ಗಂಡ ಒಳಗೆ ಬಂದ. "ಗೇಟು ಯಾವಾಗ ತೆರೀತೈತ್ರಿ ಸಾಹೇಬ್ರ?"

"ಗೇಟು ಸರಿ ಆಗೇತಿ," ಎಂದೆ. "ಕೀಲಿ ಅಕ್ಕಾರ ಕಡೆ ಐತಿ."

ಅವನು ಹೆಂಡತಿಯನ್ನೊಮ್ಮೆ, ಅವಳ ಕೈಯನ್ನೊಮ್ಮೆ ನೋಡಿ ಅಂಗಿಯ ತೋಳು ಮಡಚಿಕೊಂಡ.

"ಹಂಗಾರ ಮುಗೀತ್ರಿ. ಆಕಿ ಕಡೆ ಹೋದ ಕೀಲಿ ಇವತ್ತಿನತನಕ ನನಗ ತಿರುಗಿ ಸಿಕ್ಕಿಲ್ಲ. ಏಳು, ದಾರ್ಯಾಗ ಜ್ವಾಳದ ಹಿಟ್ಟು ತಗೊಂಡು ಹೋಗೂಣು."