ದಮ್ಮು ಹತ್ತದ ಚುರುಟು

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಅನ್ಯಾಯವೊಂದು ಘಟಿಸಿತು. ಮೂವತ್ತನಾಲ್ಕು ವರ್ಷ ದಾಖಲೆಕೋಣೆ ಕಾಯ್ದು ನಿವೃತ್ತರಾದ, ಬೀದಿಯವರೆಲ್ಲ ಕಡತರಾಯರೆಂದೇ ಕರೆಯುವ ಹಿರಿಯರು ತಮ್ಮ ದಿನದ ಚುರುಟನ್ನು ಹೊತ್ತಿಸಿ ಎಳೆದರು. ಕೆನ್ನೆಗಳೆರಡೂ ಒಳಗೆ ಹೋಗಿ ಒಂದನ್ನೊಂದು ಮುಟ್ಟಿ ಬಂದವು. ಹೊಗೆ ಮಾತ್ರ ಬರಲಿಲ್ಲ! ಚೂಪು ತುದಿಯನ್ನು ಕೊಯ್ದರು. ಇನ್ನರ್ಧ ಬೆರಳಷ್ಟು ಕೊಯ್ದರು. ಊಹೂಂ.

“ಮೂತಿ ಚೂಪು ಮಾಡಿ ಉಸಿರು ಕಟ್ಟಿಸಿದ್ದಾರೆ ಕಣೇ, ಆ ಕಾರ್ಖಾನೆಯವರು! ನಾನೇ ಸುತ್ತುತೀನಿ. ಸಂಜೆ ನಾಲ್ಕು ಗಂಟೆಯೊಳಗೆ ದಮ್ಮು ಹತ್ತೋ ಒಂದು ಚುರುಟು ಸುತ್ತದಿದ್ರೆ, ಇವತ್ತಿಗೇ ಚುರುಟು ಬಿಟ್ಟೆ!”

ಕಿಟಕಿ ಪರದೆ ಹೊಲಿಯುತ್ತಿದ್ದ ಹೆಂಡತಿ ಯಂತ್ರ ನಿಲ್ಲಿಸಿದರು. “ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ.”

ರಾಯರು ಹೇಳಿಯೂಬಿಟ್ಟರು.

ಅಂಗಡಿಯಿಂದ ಹೊಗೆಸೊಪ್ಪು ಬಂತು. ರಾಯರು ಎಲೆಗಳ ಅಂಚು ಸರಿಹೊಂದಿಸಿ, ಒಂದರ ಮೇಲೊಂದು ಪೇರಿಸಿ, ಮೊಣಕೈಯಲ್ಲಿ ಒತ್ತಿ, ಗಾಳಿ ನುಸುಳದಂತೆ ಸುತ್ತಿದರು. ಮೇಜಿಗೆ ಬಡಿದರೆ ಟಕ್ ಎಂದಿತು. ಎಳೆದರೆ ಏನೂ ಎನ್ನಲಿಲ್ಲ. ಎರಡನೆಯದನ್ನು ಸಡಿಲವಾಗಿ ಸುತ್ತಿದರು. ಮೂರೇ ದಮ್ಮಿಗೆ ಬೆಂಕಿ ನಾಗಾಲೋಟದಲ್ಲಿ ಬಂದು ಬಲಮೀಸೆಯನ್ನು ಸವರಿಕೊಂಡು ಹೋಯಿತು! ಮೂರನೆಯದರ ಎರಡೂ ತುದಿ ಒಂದೇ ದಪ್ಪ. ಆದರೆ ಕೈಯ ಹಳೆಯ ಚಾಳಿ ಎಲ್ಲಿ ಹೋದೀತು? ನಡುವೆ ಮತ್ತೆ ಬಿಗಿಯಿತು.

“ರೀ, ಅದು ಕಡತ ಅಲ್ಲ! ಹೀಗೆ ಒತ್ತಿ ಕಟ್ಟಿದ್ರೆ, ನಿಮ್ಮ ಕೋಣೆಗೆ ಹೋದ ಅರ್ಜಿಗಳ ಹಾಗೆ, ಒಳಗಿಂದ ಏನೂ ಹೊರಗೆ ಬರಲ್ಲ.”

“ಹಾಗಾದ್ರೆ ನೀನೇ ಸುತ್ತು, ನೋಡೋಣ!”

ಹೆಂಡತಿ ಎಲೆಗಳನ್ನು ಪರದೆಯ ನೆರಿಗೆಯಂತೆ ಮಡಿಸಿ, ಮಡಿಕೆ ಮಡಿಕೆಯ ನಡುವೆ ಗಾಳಿಗೆ ದಾರಿ ಬಿಟ್ಟು, ಹಗುರವಾಗಿ ಉರುಳಿಸಿದರು. ರಾಯರು ಎಳೆದರು. ಆಹಾ! ಬೆಣ್ಣೆಯಂಥ ಹೊಗೆ!

“ಹತ್ತಿತು! ಗಂಟೆ ನೋಡು, ಮೂರು ಐವತ್ತೆರಡು!”

“ಹತ್ತಿತು, ಸರಿ. ಸುತ್ತಿದ್ಯಾರು?”

ರಾಯರು ಹೊಗೆ ಬಿಟ್ಟು, ಕಾಗದ ಪೆನ್ನು ಹುಡುಕತೊಡಗಿದರು.

ನಾಲ್ಕೂ ಐದಕ್ಕೆ ಅವರು ಕಾರ್ಖಾನೆಗೆ ಪತ್ರ ಬರೆದರು: “ತಮ್ಮ ದೋಷಪೂರಿತ ಚುರುಟಿನಿಂದಲೇ ಈ ಪ್ರತಿಜ್ಞೆ ಸಂಭವಿಸಿರುವುದರಿಂದ, ಅದು ಅಸಿಂಧುವೆಂದು ನನ್ನ ಪತ್ನಿಗೆ ಎಂಟು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.”

ಲಕೋಟೆ ಅಂಟಿಸುವ ಮುನ್ನ ಹೆಂಡತಿ ಪತ್ರವನ್ನು ಕೇಳಿ ಪಡೆದು, ಓದಿ, ಕೆಳಗೆ ತಮ್ಮ ದುಂಡಕ್ಷರದಲ್ಲಿ ಒಂದು ಸಾಲು ಸೇರಿಸಿದರು:

“ಮಾನ್ಯರೇ, ಇನ್ನು ಮುಂದೆಯೂ ಇಷ್ಟೇ ಬಿಗಿಯಾಗಿ ಸುತ್ತತಕ್ಕದ್ದು.”